ಮಾವ ಸೊರಬದಿಂದ ತಂದ ಹೆಸರು

ನಮ್ಮ ಸೋದರಮಾವನಿಗೆ ಹಾವು ಕಚ್ಚಿದರೂ ಔಷಧಿ ಆಮೇಲೆ. ಮೊದಲು ಆ ಹಾವಿನ ಹೆಸರಿಗೆ ಅರ್ಥವೇನೆಂದು ವಿಚಾರಿಸುತ್ತಿದ್ದರು! ಸೊರಬದಲ್ಲಿ ಮೇಷ್ಟ್ರಾಗಿದ್ದ ಅವರಿಗೆ, ಅರ್ಥ ತಿಳಿಯದ ಹೆಸರಿನವರ ಜೊತೆ ಮಾತೇ ಹೊರಡುತ್ತಿರಲಿಲ್ಲ. ಒಮ್ಮೆ ಅಂಗಿ ಹೊಲಿಸಲು ಹೋಗಿ, ಅಳತೆ ಕೊಡುವ ಮೊದಲೇ ದರ್ಜಿ ನೂರುದ್ದೀನ್ ಸಾಹೇಬರನ್ನು ಹಿಡಿದರಂತೆ.

“ಧರ್ಮದ ಬೆಳಕು ಅಂತ ರೀ, ಮೇಷ್ಟ್ರೆ.”

“ಮತ್ತೆ ಅಂಗಡಿಯೊಳಗೆ ಇಷ್ಟು ಕತ್ತಲೆ?”

“ಇದ್ದ ಬೆಳಕೆಲ್ಲ ಹೆಸರಿಗೇ ಹೋಯ್ತು. ಕೈ ಎತ್ತಿ, ಅಳತೆ ತಗೋಬೇಕು.”

ಇಂಥವರು ಜ್ವರ ಬಂದು ಆಸ್ಪತ್ರೆ ಸೇರಿದರೆ ಸುಮ್ಮನಿರುತ್ತಾರೆಯೇ? ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಸೊರಬದ ಆಸ್ಪತ್ರೆಯಲ್ಲಿದ್ದ ನರ್ಸಮ್ಮ ಕಾರವಾರದ ಕಡೆಯವರು, ಹೆಸರು ಬೆನ್ವಿಂದಾ. ಅರ್ಥ ಹೇಳುವ ತನಕ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲವೆಂದು ಮಾವ ತೋಳನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡರು.

“ಗೋವಾದ ನಮ್ಮ ಅಜ್ಜಿ ಹೆಸರು ರೀ. ಪೋರ್ಚುಗೀಸ್ ಮಾತು. ‘ನೀನು ಬಂದದ್ದು ಒಳ್ಳೇದಾಯ್ತು’ ಅಂತ, ಹುಟ್ಟಿದ ಹೆಣ್ಣುಮಗುವಿಗೆ ಹೇಳೋದು.”

ಮಾವ ಎರಡೂ ತೋಳು ಚಾಚಿದರಂತೆ.

ಅದೇ ವಾರ ಶಿಕಾರಿಪುರದಲ್ಲಿ ನನ್ನ ನಾಮಕರಣ. ಮೂರು ಹೆಣ್ಣುಗಳ ಮೇಲೆ ನಾಲ್ಕನೆಯವಳಾಗಿ ಹುಟ್ಟಿದ್ದೆ. ಅಪ್ಪನ ತಾಯಿ ನನಗೆ ಹೆಸರು ಗೊತ್ತುಮಾಡಿದ್ದರು: ಸಾಕವ್ವ. ಹಾಗೆ ಕರೆದರೆ ದೇವರಿಗೆ ತಿಳಿದು ಮುಂದಿನದು ಗಂಡಾಗುತ್ತದೆಂಬ ನಂಬಿಕೆ. ನಮ್ಮವ್ವ ತೊಟ್ಟಿಲ ಪಕ್ಕ ತಲೆ ತಗ್ಗಿಸಿ ಕೂತಿದ್ದಳಂತೆ.

ಜ್ವರ ಬಿಟ್ಟು ಆಸ್ಪತ್ರೆಯಿಂದ ನೇರ ಬಂದಿದ್ದ ಮಾವ ಎಂದಿನಂತೆ ಕೇಳಿದರು: “ಹೆಸರಿನ ಅರ್ಥ ಏನಮ್ಮಾ?”

“ಹೆಣ್ಣು ಸಾಕು ಅಂತ. ಇದಕ್ಕೂ ಮೇಷ್ಟ್ರು ಬೇಕೇನ್ರಿ?” ಎಂದರು ಅಜ್ಜಿ.

ಜೀವಮಾನದಲ್ಲಿ ಮೊದಲ ಸಲ ಮಾವನಿಗೆ ಒಂದು ಅರ್ಥ ರುಚಿಸಲಿಲ್ಲ. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮಾವ ತೊಟ್ಟಿಲೊಳಗೆ ತಲೆ ತೂರಿಸಿ, ಬೆನ್ವಿಂದಾ ಎಂದು ಮೂರು ಸಲ ಹೇಳಿಬಿಟ್ಟರು. ಮೊದಲು ಕಿವಿಗೆ ಬಿದ್ದದ್ದೇ ಹೆಸರು ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅಜ್ಜಿಯೇ. ಈಗ ಇಲ್ಲವೆನ್ನಲು ಬಾಯಿ ಎಲ್ಲಿದೆ?

“ಇದೆಂಥ ಹೆಸರು ಮೇಷ್ಟ್ರೆ? ನಮ್ಮ ದೇವರಿಗೆ ತಿಳೀಬೇಡವಾ?”

“ತಿಳೀದಿದ್ರೆ ಅರ್ಥ ಕೇಳ್ತಾನೆ. ನಾನು ಹೇಳ್ತೀನಿ.”

ಅಜ್ಜಿ ಮಾತ್ರ ಆ ಹೆಸರನ್ನು ಬಾಯಿಗೆ ತರಲಿಲ್ಲ. ವರ್ಷಗಟ್ಟಲೆ ನಾನು ‘ಏ ಹುಡುಗಿ’. ತಮ್ಮನೂ ಹುಟ್ಟಲಿಲ್ಲ, ಅದಕ್ಕೂ ಮಾವನದೇ ತಪ್ಪು.

ಮಾವ ತೀರಿಕೊಂಡ ಸುದ್ದಿ ಬಂದ ದಿನ ನಾನು ಜಗಲಿಯಲ್ಲಿ ಅಳುತ್ತ ಕೂತಿದ್ದೆ. ಹಣ್ಣು ಮುದುಕಿಯಾಗಿದ್ದ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

“ಅವ ನಿನ್ನ ಹೆಸರಿಗೆ ಏನೋ ಅರ್ಥ ಹೇಳ್ತಿದ್ದನಲ್ಲ, ಏನದು?”

“ನೀನು ಬಂದದ್ದು ಒಳ್ಳೇದಾಯ್ತು ಅಂತ, ಅಜ್ಜಿ.”

ಅಜ್ಜಿ ನನ್ನ ತಲೆ ಸವರಿದರು.

“ಹೌದು ಬೆನ್ವಿಂದಾ. ಒಳ್ಳೇದಾತು.”