ಕಣ್ಣು ಮುಚ್ಚಿ ಎರಡು ನಿಮಿಷ

ನಮ್ಮ ಚಿಕ್ಕಪ್ಪ ಹುಟ್ಟಿದಂದಿನಿಂದ ಇಂದಿನವರೆಗೆ ಕೂತಿರುವ ಹೊತ್ತನ್ನೆಲ್ಲ ಒಟ್ಟು ಮಾಡಿದರೂ ಒಂದು ಸಿನಿಮಾ ನೋಡುವಷ್ಟು ಆಗಲಾರದು! ಕಾಫಿ ಕುಡಿಯುವುದು ನಿಂತು. ಮದುವೆ ಮನೆಯಲ್ಲಿ ಪಾಯಸ ಬರುವುದರೊಳಗೆ ಎಲೆ ಮಡಚಿ ಎದ್ದಿರುತ್ತಾನೆ. ಬಸ್ಸು ನಿಲ್ಲುವುದರೊಳಗೆ ಇಳಿದಿರುತ್ತಾನೆ. ಹಾಗೆ ಇಳಿದು ಎರಡು ಸಲ ಬಿದ್ದು, ಬಿದ್ದಲ್ಲೂ ಕೂರದೆ ಎದ್ದು ಓಡಿದ್ದಾನೆ. ಕನಕಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವನ ಕಸುಬು ರೇಷ್ಮೆ ಹುಳು ಸಾಕುವುದು. ಹುಳುಗಳಿಗೆ ಸೊಪ್ಪು ಹಾಕಿ ಕೈ ಒರೆಸಿಕೊಂಡನೆಂದರೆ ಮೊಪೆಡ್ ಹತ್ತಿ ರಾಮನಗರಕ್ಕೋ ಚನ್ನಪಟ್ಟಣಕ್ಕೋ ಹೊರಟಂತೆಯೇ. ತನ್ನ ಕೆಲಸ ಇಲ್ಲದಿದ್ದರೆ ಬೇರೆಯವರ ಕೆಲಸ. ಅದೂ ಇಲ್ಲದಿದ್ದರೆ, "ಒಸಿ ನೋಡ್ಕಂಡ್ ಬತ್ತೀನಿ." ಏನನ್ನು ನೋಡಿಕೊಂಡು? ಅದು ಇದುವರೆಗೆ ಯಾರಿಗೂ ತಿಳಿದಿಲ್ಲ.

ಇಂಥವನಿಗೆ ಹೋದ ದಸರಾ ರಜೆಯಲ್ಲಿ ಕಣ್ಣು ಬೇನೆ ಬಂತು.

ಎಡಗಣ್ಣು ಕೆಂಪಗಾಗಿ, ಬೆಳಿಗ್ಗೆ ಎದ್ದಾಗ ಗೀಜು ಮೆತ್ತಿಕೊಂಡು ರೆಪ್ಪೆಗಳು ಬಿಡಿಸಲಾಗದಂತೆ ಅಂಟಿದ್ದವು. "ಮದ್ರಾಸ್ ಐ ಇರ್ಬೇಕು, ಮೂರ್ ದಿನಕ್ಕೆ ಹೊಯ್ತದೆ ಬುಡು" ಎಂದ. ಎಂದವನು ಸುಮ್ಮನಿದ್ದನೆ? ಪಕ್ಕದ ಮನೆ ಅಜ್ಜಿ ಹಿಂದಿನ ವರ್ಷ ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದರು. ಅವರು ಉಳಿಸಿಟ್ಟ ಡ್ರಾಪ್ಸು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಹೆಚ್ಚುಕಡಿಮೆ ತಾನೂ ಒಂದು ದೇವರಾಗಿ ಕೂತಿತ್ತು. ಚಿಕ್ಕಪ್ಪ ಅದನ್ನು ತಂದು, ಹೊರಟು ನಿಂತ ಮೊಪೆಡ್ಡಿನ ಇಂಜಿನ್ನನ್ನೂ ಆರಿಸದೆ, ತಲೆ ಎತ್ತಿ ಸುರಿದುಕೊಂಡ. ಅರ್ಧ ಮೂಗಿಗೆ ಹೋಯಿತು, ಕಾಲುಭಾಗ ಮೀಸೆಗೆ. ಸೀಸೆಯ ಮೂತಿ ಗೀಜಿನ ರೆಪ್ಪೆಗೆ ಒರಗಿಕೊಂಡೇ ಇತ್ತು. ಅದನ್ನು ಪಂಚೆಯಲ್ಲಿ ಒರೆಸಿ ಮತ್ತೆ ದೇವರ ಗೂಡಿಗೆ ಸೇರಿಸಿದ!

ಎರಡು ದಿನಕ್ಕೆ ಕಣ್ಣು ಬಿಸಿನೀರಿಗೆ ಬಿದ್ದ ರೇಷ್ಮೆಗೂಡಿನಂತೆ ಊದಿತು.

"ಕಂಡೋರ ಔಷಧಿ ಯಾಕೆ ಹಾಕ್ಕೊಂಡೆ ಚಿಕ್ಕಪ್ಪ?"

"ಕಣ್ಣಿನ್ ಔಷ್ದಿ ಕಣವ್ವ. ಕಣ್ಣಿಗೇ ಹಾಕ್ದೆ, ಮಂಡಿಗ್ ಹಾಕಂಡ್ನಾ?"

ಕನಕಪುರದ ಡಾಕ್ಟರಮ್ಮ ದೀಪ ಬಿಟ್ಟು ನೋಡಿ ಮುಖ ಗಂಟಿಕ್ಕಿದರು. "ಇದು ಬ್ಯಾಕ್ಟೀರಿಯಾ ಸೋಂಕು. ಕಪ್ಪುಗುಡ್ಡೆ ಮೇಲೂ ಸಣ್ಣ ಹುಣ್ಣಾಗಿದೆ. ಆಪರೇಷನ್ ಆದೋರಿಗೆ ಕೊಡೋ ಡ್ರಾಪ್ಸ್ ಇಂಥ ಕಣ್ಣಿಗೆ ಹಾಕಿದ್ರೆ ಸೋಂಕು ಇನ್ನೂ ಜಾಸ್ತಿ ಆಗುತ್ತೆ. ಈಗ ಸರಿಯಾಗಿ ಔಷಧಿ ಬೀಳದಿದ್ರೆ ಕಲೆ ಉಳಿದುಬಿಡುತ್ತೆ ಯಜಮಾನ್ರೇ. ಆಮೇಲೆ ಆ ಕಣ್ಣು ಕಾಣಿಸೋದು ಅನುಮಾನ."

ಚಿಕ್ಕಪ್ಪ ಅಲುಗಲಿಲ್ಲ.

"ಎಚ್ಚರ ಇರೋವಾಗೆಲ್ಲ ಎರಡು ಗಂಟೆಗೊಂದು ತೊಟ್ಟು."

"ಎಲ್ಡ್ ಗಂಟೆಗಾ? ನಮ್ ರೇಷ್ಮೆ ಹುಳೀಗೇ ದಿನಕ್ಕೆ ಮೂರ್ ಸಲ ಕಣಮ್ಮ ಸೊಪ್ಪು ಹಾಕಾದು!"

"ಹಾಕಿದ ಮೇಲೆ ಕಣ್ಣು ಮುಚ್ಚಿ ಎರಡು ನಿಮಿಷ ಸುಮ್ಮನೆ ಕೂತಿರಬೇಕು."

ಕಣ್ಣು ಹೋಗುತ್ತದೆ ಎಂದಾಗ ಹೆದರದವನು ಕೂರಬೇಕು ಎಂದಾಗ ಬೆವರಿಬಿಟ್ಟ!

ಔಷಧಿಯ ಉಸ್ತುವಾರಿ ನಾನೇ ವಹಿಸಿಕೊಂಡೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಬಿ.ಎಸ್ಸಿ.! ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ, ಮೊದಲ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದಿ ತೆಗೆದದ್ದು. ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಸೂಕ್ಷ್ಮಜೀವಿಗಳ ಪಾಠವನ್ನು ಎಷ್ಟು ತರಗತಿಗೆ ಮಾಡಿಲ್ಲ? ಒಬ್ಬ ಚಿಕ್ಕಪ್ಪನನ್ನು ನಿಭಾಯಿಸಲಾರೆನೆ?

ನಿಭಾಯಿಸಲಾರದೆ ಹೋದೆ. ಸೋಪು ಹಚ್ಚಿ ಕೈ ತೊಳೆಯಬೇಕು, ಗೀಜನ್ನು ಶುದ್ಧವಾದ ಹತ್ತಿಯಲ್ಲಿ ಒರೆಸಬೇಕು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಸೀಸೆಯ ಮೂತಿ ಎಲ್ಲಿಯೂ ತಾಕದಂತೆ ಒಂದೇ ತೊಟ್ಟು ಬಿಡಬೇಕು, ಆಮೇಲೆ ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಇಷ್ಟು ಹೇಳುವುದರೊಳಗೆ ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಂದ. ತಮಾಷೆ ನೋಡಿ, ಇದೇ ಮನುಷ್ಯ ತನ್ನ ಹುಳುವಿನ ಮನೆಗೆ ಕಾಲಿಡಬೇಕಾದರೆ ನನ್ನಂಥ ಪದವೀಧರೆಗೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿಸಿ, ಎರಡು ಸಲ ಕೈ ತೊಳೆಸಿ ಒಳಗೆ ಬಿಡುತ್ತಾನೆ!

"ಆಯ್ತಾ?" ಎನ್ನುತ್ತಿದ್ದ, ತೊಟ್ಟು ಬಿದ್ದ ಕೂಡಲೇ.

"ಇನ್ನೂ ಹತ್ತು ಸೆಕೆಂಡಾಗಿಲ್ಲ."

"ನಿನ್ ಗಡಿಯಾರ ಕೆಟ್ಟೋಗಿರ್ಬೇಕು ಕಣವ್ವ. ಈಗ?"

ತೊಟ್ಟು ಬಿದ್ದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆಂದು ಮೊಪೆಡ್ಡಿನ ಬೀಗದ ಕೈಯನ್ನು ರಾಗಿ ಡಬ್ಬದಲ್ಲಿ ಹೂತಿಟ್ಟೆ. ಅವನು ಬಸ್ಸು ಹತ್ತಿದ! ಸೋಮವಾರ ರಾಮನಗರ, ಮಂಗಳವಾರ ಚನ್ನಪಟ್ಟಣ. ಚೀಲದಲ್ಲಿ ಸೀಸೆ, ಸೋಪು, ಹತ್ತಿ, ನೀರಿನ ಬಾಟಲಿ ತುಂಬಿಕೊಂಡು ಹಿಂದಿನ ಬಸ್ಸಿನಲ್ಲಿ ನಾನು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರಾಶಿಗಳ ನಡುವೆ ಯಾರದೋ ಗೂಡು ಮುಟ್ಟಿ ಮುಟ್ಟಿ ನೋಡುತ್ತಿದ್ದವನನ್ನು ಹಿಡಿದು, ಮೆಟ್ಟಿಲ ಮೇಲೆ ಕೂರಿಸಿದೆ. ಸುತ್ತ ಜನ ಸೇರಿತು. ಅವನ ಸ್ನೇಹಿತನೊಬ್ಬ ಬಗ್ಗಿ ನೋಡಿ ನಕ್ಕ.

"ಏನ್ಲಾ ಇದು, ನಿನ್ನೂ ಹಿಡ್ದು ಕೂರಿಸ್ಬುಟ್ರಾ?"

"ನಮ್ ಹುಡ್ಗಿ ಬಿಎಸ್ಸಿ ಕಣ್ಲಾ. ಅಲ್ಲಾಡುದ್ರೆ ಮಾರ್ಕ್ಸ್ ಕಳೀತಾಳೆ."

"ಹಂಗಾರೆ ನಂಗೂ ಒಂದ್ ತೊಟ್ಟು ಬುಡವ್ವ. ಬೆಳಗಿಂದ ಕಣ್ಣು ಉರೀತಾ ಐತೆ."

"ಹಾಕು ಮಗ" ಎಂದ ಚಿಕ್ಕಪ್ಪ ಧಾರಾಳವಾಗಿ, ಕಣ್ಣು ಮುಚ್ಚಿಕೊಂಡೇ. "ಒಂದ್ ತೊಟ್ಟಲ್ಲಿ ಏನೋಯ್ತದೆ!"

"ಇದೇನು ಬೀಡಿನಾ, ಹಂಚ್ಕೊಂಡು ಸೇದೋಕೆ? ಅವರ ಕಣ್ಣಿಗೆ ಏನಾಗಿದೆ ಅಂತ ಡಾಕ್ಟ್ರು ನೋಡ್ಲಿ. ಒಬ್ಬರ ಸೀಸೆ ಒಬ್ಬರಿಗೇ!" ಎಂದೆ. ಊರೂರಿನ ರೈತರೆದುರು ಸೋಂಕು ಹೇಗೆ ಹರಡುತ್ತದೆಂದು ಪಾಠವನ್ನೇ ಶುರು ಮಾಡಿದೆ. ಮುಗಿಸಿ ತಿರುಗಿ ನೋಡಿದರೆ ಮೆಟ್ಟಿಲು ಖಾಲಿ.

ಅಂತೂ ನಾಲ್ಕು ದಿನಕ್ಕೆ ಕೆಂಪು ಇಳಿಯಿತು. ಅಷ್ಟರಲ್ಲಿ ನನಗೆ ಮಾಗಡಿಯಲ್ಲಿ ಎರಡು ದಿನದ ತರಬೇತಿ ಬಂತು. ರಜೆಯಲ್ಲೂ ಮೇಷ್ಟ್ರುಗಳು ಕೂತಿರುವುದನ್ನು ಯಾರೂ ಸಹಿಸುವುದಿಲ್ಲ. ಸೀಸೆಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು, ಆಣೆ ಹಾಕಿಸಿಕೊಂಡು ಹೋದೆ. ಬಂದು ನೋಡುತ್ತೇನೆ, ಔಷಧಿ ನಾನಿಟ್ಟಷ್ಟೇ ಇದೆ. ಕಣ್ಣು ಮಾತ್ರ ಮತ್ತೆ ಕೆಂಡದಂತಿದೆ.

"ಯಾಕೆ ಹಾಕ್ಕೊಳ್ಳಲಿಲ್ಲ?"

"ಹಾಕ್ಬಾರ್ದು ಅಂತ ಬುಟ್ಟೆ ಕಣವ್ವ. ಕಣ್ಣು ಜ್ವರಕ್ಕೆ ಕೂತಿತ್ತು."

ರೇಷ್ಮೆ ಹುಳು ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇಯುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವವನು ದಡ್ಡ. ನಾಲ್ಕು ದಿನವಾಯಿತು, ಉರಿ ನಿಂತಿತು, ಗೀಜು ನಿಂತಿತು; ಸರಿ, ಕಣ್ಣು ಜ್ವರಕ್ಕೆ ಕೂತಿದೆ, ಎದ್ದ ಮೇಲೆ ಹಾಕಿದರಾಯಿತು ಎಂದು ನಮ್ಮ ಚಿಕ್ಕಪ್ಪ ಔಷಧಿ ನಿಲ್ಲಿಸಿದ್ದ!

"ಚಿಕ್ಕಪ್ಪ, ಕಣ್ಣು ಹುಳು ಅಲ್ಲ! ಹುಳ ಇರೋದು ಕಣ್ಣೊಳಗೆ! ಅರ್ಧ ಸಾಯಿಸಿ ಅರ್ಧ ಬಿಟ್ಟಿದ್ದೀಯ, ಬಿಟ್ಟದ್ದು ಮರಿ ಹಾಕಿದೆ!" ಎಂದು ಕೂಗಾಡಿದೆ. ಅವನು ನನ್ನ ಮುಖ ನೋಡಿದ; ಎಡಗಣ್ಣನ್ನು ಪೂರ್ತಿ ತೆರೆಯಲಾಗಲಿಲ್ಲ.

"ಬಯ್ಯಬ್ಯಾಡ ಮಗ" ಎಂದ. "ಬಾ, ಆಸ್ಪತ್ರೆಗೆ ಹೋಗವಾ."

ಡಾಕ್ಟರಮ್ಮ ನನಗಿಂತ ಜೋರಾಗಿ ಬೈದರು. ಹೊಸ ಸೀಸೆ, ಮೊದಲಿನಿಂದ ಶುರು. ಎರಡು ದಿನಕ್ಕೊಮ್ಮೆ ಬಂದು ತೋರಿಸಬೇಕು. ವಾಸಿಯಾದಂತೆ ಕಂಡರೂ ಅವರು ಹೇಳುವವರೆಗೆ ಬಿಡಬಾರದು. ಕಡೆಗೆ ಮಿಕ್ಕದ್ದನ್ನು ಎಸೆಯಬೇಕೇ ಹೊರತು ದೇವರ ಗೂಡಿಗಲ್ಲ. ಕಲೆಯ ಬಗ್ಗೆ ಕೇಳಿದೆ. "ಈಗಲೇ ಹೇಳೋಕಾಗಲ್ಲ" ಎಂದರು.

ಆ ದಿನಗಳು ಹೇಗೆ ಹೋದವೋ! ನಾನೇ ಎದ್ದು ಕೂತು, ಕೂತು ಎದ್ದು, ಗಡಿಯಾರ ನೋಡುತ್ತಿದ್ದೆ. ಶಾಲೆ ಶುರುವಾದ ಮೇಲೂ ಒಂದು ವಾರ ರಜೆ ಹಾಕಿದೆ. ಚಿಕ್ಕಪ್ಪನೋ, ತೊಟ್ಟು ಬಿದ್ದರೆ ಕಣ್ಣು ಮುಚ್ಚಿ ಕಾಲು ಕುಣಿಸುತ್ತ, ತೊಡೆಯ ಮೇಲೆ ಬೆರಳು ಬಡಿಯುತ್ತ, ಆದರೆ ಎರಡು ನಿಮಿಷವೂ ಕೂತಿರುತ್ತಿದ್ದ. "ಆಯ್ತಾ" ಎಂದು ಒಂದು ಸಲವೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಕೊನೆಯ ದಿನ ಡಾಕ್ಟರಮ್ಮ ಅವನ ಬಲಗಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರದ ಹಲಗೆಯತ್ತ ಕೈ ತೋರಿಸಿದರು. "ಓದಿ ಯಜಮಾನ್ರೇ."

ಚಿಕ್ಕಪ್ಪ ಹಲಗೆಯತ್ತ ಕತ್ತು ಚಾಚಿದ.

"ಎಲ್ಲಕ್ಕಿಂತ ಮೇಲಿರೋ ದೊಡ್ಡದು?"

ಮಾತಿಲ್ಲ. ಅಷ್ಟು ದೊಡ್ಡ ಅಕ್ಷರವೂ ಕಾಣುತ್ತಿಲ್ಲ, ಹೋಯಿತು, ಕಣ್ಣು ಹೋಯಿತು! ಆ ಎರಡು ದಿನ ನಾನು ಮಾಗಡಿಗೆ ಯಾಕೆ ಹೋದೆ? ಚಿಕ್ಕಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲವೆಂದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಆ ಗಳಿಗೆಯಲ್ಲಿ ಮಾತ್ರ, ದೇವರಾಣೆ, ಅದು ಹೊಳೆಯಲೇ ಇಲ್ಲ.

"ಕಾಣ್ತಾವೆ ಕಣಮ್ಮ" ಎಂದ ಮೆಲ್ಲಗೆ. "ಕೆಳಗಡೆ ಇರುವೆ ಸಾಲಂಗಿರೋವೂ ಕಾಣ್ತಾವೆ. ಅವುಗಳ ಹೆಸ್ರು ನಂಗೊತ್ತಿಲ್ಲ. ನಮ್ ಮಗೀಗ್ ಗೊತ್ತು."

ಓದು ಬಾರದವರಿಗೆ ತೋರಿಸುವ ಬೇರೆ ಹಲಗೆ ತರುತ್ತೇನೆಂದು ಡಾಕ್ಟರಮ್ಮ ಎದ್ದರು. ಅಷ್ಟರಲ್ಲಿ ಚಿಕ್ಕಪ್ಪ ಕೈ ಎತ್ತಿ, ಎಲ್ಲಕ್ಕಿಂತ ಕೆಳಗಿನ ಸಣ್ಣ ಸಾಲನ್ನೇ ನೋಡುತ್ತ, ಗಾಳಿಯಲ್ಲಿ ಬೆರಳಿನಿಂದ ತಿದ್ದತೊಡಗಿದ.

"ಇದು ದುಂಡಗೈತೆ. ತಲೆ ಮೇಲೆ ಒಂದ್ ಕೊಕ್ಕೆ."

"ರ" ಎಂದೆ.

"ಇದೂ ದುಂಡಗೇ ಐತೆ, ಹೊಟ್ಟೆ ಒಳಗೆ ಒಂದ್ ಚುಕ್ಕಿ."

"ಠ, ಚಿಕ್ಕಪ್ಪ."

"ಹೂಂ, ಠ" ಎಂದು ತಾನೂ ಒಮ್ಮೆ ಹೇಳಿ ನೋಡಿದ. ಡಾಕ್ಟರಮ್ಮ ಮತ್ತೆ ಕೂತರು. ಸಾಲು ಮುಗಿಯುವವರೆಗೂ ಅವನು ಬರೆದ, ನಾನು ಓದಿದೆ.