ಟರ್ಬೋರವರಿಗೆ, ‘ಬಿಡಿ’ ಎಂಬ ಮಾತಿನ ವಿಷಯವಾಗಿ

ಪುರಸೈವಾಕ್ಕಂ, ಮದರಾಸು
ಶ್ರಾವಣ, ೧೯೮೬

ಜಪಾನಿನಿಂದ ಹಡಗು ಹತ್ತಿ ಬಂದು ನಮ್ಮ ಮನೆಯ ಮುಂದೆ ಬಿಡಾರ ಮಾಡಿರುವ ಟರ್ಬೋ ಕಾರಿನವರಿಗೆ ಅಂಬುಜಮ್ಮನ ನಮಸ್ಕಾರಗಳು.

ಮಾನ್ಯರೇ,

ತಮ್ಮ ಮನೆಯವರೆಲ್ಲ ಕ್ಷೇಮವೇ? ಬ್ರೇಕ್‌ರಾಯರ ಕಾವು ಇಳಿಯಿತೇ? ಆಕ್ಸಿಲರೇಟರಮ್ಮನವರ ಸೊಂಟ ಹೇಗಿದೆ? ರೇಡಿಯೇಟರ್ ಅಜ್ಜನವರು ನೀರು ಕುಡಿಯುತ್ತಿದ್ದಾರೆಯೇ? ನಮ್ಮಲ್ಲಿ ಸೊಸೆ ಸೀತಾ ತುಂಬು ತಿಂಗಳಲ್ಲಿ ಇಂದೋ ನಾಳೆಯೋ ಎಂಬಂತಿದ್ದಾಳೆ. ಮಗ ನಂಜುಂಡ ರೈಲ್ವೆ ಗಾರ್ಡ್ ಆದ್ದರಿಂದ ಎಂದಿನಂತೆ ಬೇರೆಯವರ ಹೆಂಡಿರು ಮಕ್ಕಳನ್ನು ಸುರಕ್ಷಿತವಾಗಿ ಊರು ಮುಟ್ಟಿಸುತ್ತಿದ್ದಾನೆ. ಅವನ ಹೆಂಡತಿಯನ್ನು ಎಗ್ಮೋರಿನ ಆಸ್ಪತ್ರೆ ಮುಟ್ಟಿಸುವ ಭಾರ ತಮ್ಮದು.

ತಮ್ಮ ಒಡೆಯ, ನನ್ನ ತಂಗಿಯ ಮಗ ರಘುರಾಮ, ಹಡಗಿನ ಕೆಲಸಕ್ಕೆ ಹೊರಡುವ ಮುಂಚೆ ನನಗೆ ಒಂದೇ ಮಾತು ಹೇಳಿದ್ದ: ಬ್ರೇಕು, ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ಒತ್ತಬಾರದು, ದೊಡ್ಡಮ್ಮ, ಕ್ಷಣಮಾತ್ರಕ್ಕೆ ಏನೂ ಆಗದು, ಆದರೆ ಹಾಗೇ ಹಿಡಿದಿದ್ದರೆ ಬ್ರೇಕು, ಗೇರಿನ ಎಣ್ಣೆ, ಟರ್ಬೋ ಎಲ್ಲ ಕಾದು ಕೆಡುತ್ತವೆ. ನನಗೆ ಕಾರು ತಿಳಿಯದಿದ್ದರೂ ಕುಕ್ಕರ್ ತಿಳಿಯುತ್ತದೆ. ಉರಿ ಜೋರು ಮಾಡಿ ಸಿಳ್ಳೆಯನ್ನು ಅದುಮಿ ಹಿಡಿಯುವ ಸೊಸೆಯನ್ನು ಯಾವ ಅತ್ತೆ ತಾನೇ ಒಪ್ಪಿಯಾಳು?

ಆದರೆ ತಮ್ಮ ಸಾರಥಿ ಭೋಜರಾಜ ಅಂಬತ್ತೂರಿನ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಲಾರಿ ಓಡಿಸಿದವನು. ಗೇರು ತಾನಾಗಿಯೇ ಬದಲಾಗುವ ತಮಗೆ ಕ್ಲಚ್ಚೇ ಇಲ್ಲವಾಗಿ, ಅದನ್ನು ಒತ್ತುತ್ತಿದ್ದ ಅವನ ಎಡಗಾಲು ಏಕಾಏಕಿ ಕೆಲಸ ಕಳೆದುಕೊಂಡು, ಸುಮ್ಮನೆ ಕೂತು ಉಣ್ಣುವುದು ಮರ್ಯಾದೆಯಲ್ಲವೆಂದು ಬ್ರೇಕಿನ ಮೇಲೆ ಹೋಗಿ ಕುಳಿತಿದೆ. ಇಷ್ಟು ಕರ್ತವ್ಯನಿಷ್ಠೆಯ ಕಾಲನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ.

ಕಳೆದ ಮಂಗಳವಾರ ಸೀತಾಳನ್ನು ತಪಾಸಣೆಗೆ ಕರೆದೊಯ್ಯುವಾಗ ಸೇತುವೆಯ ಏರಿನಲ್ಲಿ ಬಸ್ಸೊಂದು ಅಡ್ಡ ನಿಂತಿತು. ಭೋಜರಾಜ ಎರಡು ಕಾಲೂ ಒತ್ತಿದ. ತಾವು ಮೈಮೇಲೆ ದೇವರು ಬಂದವರಂತೆ ನಡುಗಿದಿರಿ. ಸುಟ್ಟ ವಾಸನೆ ಬಂತು. ಗಾಬರಿಯಲ್ಲಿ ಮನುಷ್ಯರಿಗೆ ತಾಯ್ನುಡಿಯೇ ಬರುವುದರಿಂದ ನಾನು “ಬಿಡಿ, ಬಿಡಿ” ಎಂದೆ. ಆ ಪುಣ್ಯಾತ್ಮನ ತಮಿಳು ಕಿವಿಗೆ ಅದು “ಪಿಡಿ, ಪಿಡಿ” ಎಂದು ಕೇಳಿಸಿತು. ಎಂದರೆ ಹಿಡಿ, ಗಟ್ಟಿಯಾಗಿ ಹಿಡಿ. ದೊಡ್ಡವರ ಮಾತು ಮೀರಿ ಅಭ್ಯಾಸವಿಲ್ಲದವನು. ನಾನು ಕೂಗಿದಷ್ಟೂ ಅವನು ಒತ್ತಿದ, ಅವನು ಒತ್ತಿದಷ್ಟೂ ನಾನು ಕೂಗಿದೆ. ಕೊನೆಗೆ ಸೀತಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಅವನ ತಮಿಳಿನಲ್ಲೇ “ಅಣ್ಣಾ, ವಿಡುಂಗ”, ಬಿಡಿ, ಎಂದಳು. ಅವನು ಮೊದಲು ಬಿಟ್ಟದ್ದು ಬ್ರೇಕನ್ನು. ಅಷ್ಟುಹೊತ್ತು ನುಂಗಿಕೊಂಡ ಸಿಟ್ಟನ್ನೆಲ್ಲ ತಾವು ಒಂದೇ ನೆಗೆತದಲ್ಲಿ ಕಾರಿ, ಬಸ್ಸನ್ನೂ, ನನ್ನ ಅರ್ಧ ಆಯಸ್ಸನ್ನೂ ಹಿಂದೆ ಹಾಕಿ, ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದಿರಿ. ಡಾಕ್ಟರಮ್ಮ ಸೀತಾಳನ್ನು ಬಿಟ್ಟು ಮೊದಲು ನನ್ನ ನಾಡಿ ಹಿಡಿದರು.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ: ಹೆರಿಗೆಯ ದಿನದ ಮಟ್ಟಿಗೆ ತಾವು ಯಾರ ಕಾಲಿಗೂ ಬಗ್ಗದೆ, ಸೊಸೆಯ ನಿಟ್ಟುಸಿರನ್ನು ಮಾತ್ರ ಕೇಳಿ ನಡೆಯಬೇಕು. ಅದು ಆಗದಿದ್ದರೆ ಒಂದು ದಿನದ ಮಟ್ಟಿಗೆ ಅಂಬಾಸಡರ್ ಆಗಿಬಿಡಿ. ಅದನ್ನು ತಳ್ಳಿಯಾದರೂ ಒಯ್ಯಬಹುದು. ಎಡಗಾಲನ್ನು ಊಟಕ್ಕೆ ಕೂತಂತೆ ಮಡಚಿಟ್ಟುಕೊಳ್ಳಲು ನಾನೇ ಭೋಜರಾಜನಿಗೆ ಹೇಳಿದ್ದೇನೆ. ಅವನು ಜೋಮು ಹಿಡಿಯುತ್ತದೆ ಎನ್ನುತ್ತಾನೆ. ಹಿಡಿಯಲಿ. ಬ್ರೇಕು ಹಿಡಿಯುವುದಕ್ಕಿಂತ ವಾಸಿ.

ಇಂತಿ, ತಮ್ಮ ಹಿಂದಿನ ಸೀಟಿನ, ಬಾಗಿಲ ಹಿಡಿ ಬಿಡದ ವಿಶ್ವಾಸಿ,
ಅಂಬುಜಮ್ಮ

ತಾ.ಕ.: ಭೋಜರಾಜನಿಗೆ ಈಗ ‘ಬಿಡಿ’ ಎಂದರೇನೆಂದು ಕಲಿಸಿದ್ದೇವೆ. ಇವತ್ತು ಬೆಳಿಗ್ಗೆ ಗೇಟಿನ ಬಳಿ ಪರೀಕ್ಷೆಗೆಂದು “ಬಿಡಿ” ಎಂದೆ. ಬ್ರೇಕು, ಆಕ್ಸಿಲರೇಟರು, ಸ್ಟೀರಿಂಗು ಮೂರನ್ನೂ ಬಿಟ್ಟು ಕೈ ಮುಗಿದ. ತುಳಸಿಕಟ್ಟೆಯ ಒಂದು ಮೂಲೆ ತಮ್ಮ ಮೂತಿಗೆ ಅಂಟಿರಬಹುದು, ನೋಡಿಕೊಳ್ಳಿ. ಇದೀಗ ಒಳಗಿನಿಂದ ಸೀತಾ “ಅತ್ತೆ” ಎಂದು ಕರೆಯುತ್ತಿದ್ದಾಳೆ, ದನಿ ಬೇರೆಯಾಗಿದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಅದನ್ನೇ ಉತ್ತರವೆಂದು ಓದಿಕೊಳ್ಳುತ್ತೇನೆ.