ಮುರ್ಮೆಲ್ ಸರೋವರಕ್ಕೆ ನಡೆದು ಹೋಗತಕ್ಕ ವೇಗದ ಕುರಿತು

ಗ್ರಾಮಾಡಳಿತ ಕಚೇರಿ
ಸಂಖ್ಯೆ: ಗ್ರಾಕ/ವಿಹಾರ/17/ಪರಿಷ್ಕೃತ
ದಿನಾಂಕ: 4ನೇ ಆಗಸ್ಟ್

ಸುತ್ತೋಲೆ

ವಿಷಯ: ಸಿಬ್ಬಂದಿಯ ವಾರ್ಷಿಕ ಒಂದು ದಿನದ ಚಾರಣವನ್ನು ಈ ಬಾರಿ ಸರಿಯಾಗಿ ಯೋಜಿಸುವ ಬಗ್ಗೆ.

ಉಲ್ಲೇಖ:
(1) ಕಳೆದ ಸಾಲಿನ ಚಾರಣದ ವೇಳಾಪಟ್ಟಿ, ಹನ್ನೊಂದು ಪುಟ, ನಕಾಶೆ ಸಹಿತ.
(2) ಟಪಾಲು ಶಾಖೆಯ ಶ್ರೀಮತಿ ಅಗಾಥಾ ಫುರ್ರರ್ ಅವರು ಚಾರಣದಿಂದ ವಿನಾಯಿತಿ ಕೋರಿ ಬರೆದ ಪತ್ರ.
(3) ಬೆಟ್ಟದ ಮೇಲೆ ಚೀಸ್ ತಯಾರಿಸುವ ಶ್ರೀಮತಿ ವ್ರೇನಿ ಹೆರ್ಗರ್ ಅವರ ದೂರು, ಮೌಖಿಕ, ಬೈಗುಳ ಸಹಿತ.

ಪ್ರಸ್ತಾವನೆ

ಕಳೆದ ವರ್ಷದ ಚಾರಣವನ್ನು ಯೋಜಿಸುವ ಹೊಣೆಯನ್ನು ಕೆಳಸಹಿದಾರರಾದ ದಾಖಲೆ ಶಾಖೆಯ ಕ್ಯಾಸ್ಪರ್ ಗಿಸ್ಲರ್ ಅವರಿಗೆ ವಹಿಸಲಾಗಿತ್ತು. ಸದರಿಯವರು ಈ ಕೆಲಸಕ್ಕೆ ಆರು ವಾರಗಳನ್ನು ವ್ಯಯಿಸಿ, ಬೆಳಿಗ್ಗೆ 7.12ರ ಅಂಚೆ ಬಸ್ಸಿನಿಂದ ಮೊದಲ್ಗೊಂಡು ಸಂಜೆಯವರೆಗೆ ನಿಮಿಷವಾರು ಪಟ್ಟಿ ಸಿದ್ಧಪಡಿಸಿದ್ದರು. ಅದರಲ್ಲಿ ಶೂ ದಾರ ಕಟ್ಟಿಕೊಳ್ಳಲು ಒಂದು ನಿಮಿಷ, ನೀರು ಕುಡಿಯಲು ಎರಡು ನಿಮಿಷ ಹಾಗೂ ಸರೋವರದ ಸೌಂದರ್ಯವನ್ನು ಮೆಚ್ಚಿಕೊಳ್ಳಲು ಮೂರು ನಿಮಿಷ ಕಾಯ್ದಿರಿಸಲಾಗಿತ್ತು. ಪ್ರವಾಸಿಗರ ನೂಕುನುಗ್ಗಲು ಆರಂಭವಾಗುವ ಮುನ್ನ, ಅಂದರೆ 10.30ಕ್ಕೆ, ದಡ ತಲುಪತಕ್ಕದ್ದು ಎಂಬುದು ಯೋಜನೆಯ ಜೀವಾಳವಾಗಿತ್ತು.

ಏಳು ಮಂದಿ ಸಿಬ್ಬಂದಿ ಹೊರಟಿದ್ದು, ಎರಡನೇ ತಿರುವಿನ ಏರಿನಲ್ಲಿ ಶ್ರೀಮತಿ ಅಗಾಥಾ ಅವರು ನಿಂತಿರುತ್ತಾರೆ. ಅವರಿಗೆ ಅರವತ್ತನಾಲ್ಕು ವರ್ಷ. ಬಲಮಂಡಿಗೆ ಅದಕ್ಕಿಂತ ಹೆಚ್ಚು. ಭಾರ ಕಡಿಮೆಯಾದರೆ ವೇಗ ಹೆಚ್ಚುವುದೆಂಬ ಲೆಕ್ಕಾಚಾರದಲ್ಲಿ ಕೆಳಸಹಿದಾರರು ಅವರ ಬೆನ್ನುಚೀಲವನ್ನು ತಾವೇ ಹೊತ್ತುಕೊಂಡರು. ಆಗ ಶ್ರೀಮತಿ ಅಗಾಥಾ ಅವರು, "ನೀವೆಲ್ಲ ಮುಂದೆ ನಡೀರಪ್ಪ, ನಾನು ನಿಧಾನಕ್ಕೆ ಬರ್ತೀನಿ" ಎಂದು ತಿಳಿಸಿದ್ದು, ಸದರಿ ಹೇಳಿಕೆಯನ್ನು ಯಥಾವತ್ತಾಗಿ ಅಂಗೀಕರಿಸಲಾಯಿತು.

ತಂಡವು 10.29ಕ್ಕೆ ಸರೋವರ ತಲುಪಿತು. ಅಲ್ಲಿ ಅದಾಗಲೇ ಸುಮಾರು ನಾಲ್ಕು ನೂರು ಮಂದಿ ನೆರೆದಿದ್ದು, ಫೋಟೋ ತೆಗೆಸಿಕೊಳ್ಳುವ ಬಂಡೆಯ ಮುಂದೆ ಸಾಲು ಸಾಸೇಜ್ ಅಂಗಡಿಯನ್ನು ದಾಟಿತ್ತು. ಜನಜಂಗುಳಿಯಲ್ಲಿ ತಲೆ ಎಣಿಸುವುದು ಕಷ್ಟವಾದ ಪ್ರಯುಕ್ತ ಕೆಳಸಹಿದಾರರು ಬೆನ್ನುಚೀಲಗಳನ್ನು ಎಣಿಸಿ, ಏಳು ಇರುವುದನ್ನು ಖಚಿತಪಡಿಸಿಕೊಂಡು, ಪಟ್ಟಿಯಲ್ಲಿ 'ಸರ್ವರೂ ಹಾಜರು' ಎಂದು ನಮೂದಿಸಿದರು. ಹನ್ನೊಂದೂವರೆಗೆ ಆಲಿಕಲ್ಲು ಸಹಿತ ಮಳೆ ಬಿತ್ತು. ಎಲ್ಲರೂ ಜಾಕೆಟ್ ಹಾಕಿಕೊಂಡರು. ಒಂದು ಜಾಕೆಟ್ ಮಾತ್ರ ಚೀಲದಲ್ಲೇ ಉಳಿಯಿತು.

12.10ಕ್ಕೆ ನೀರು ಸರಬರಾಜು ಶಾಖೆಯ ಟೋನಿ ಬಿಸ್ಸಿಗ್ ಅವರು ಸಾಸೇಜಿಗೆ ಹಚ್ಚಿಕೊಳ್ಳುವ ಸಾಸಿವೆ ಗೊಜ್ಜು ಹುಡುಕುತ್ತ ಏಳನೇ ಚೀಲವನ್ನು ತೆರೆದಿರುತ್ತಾರೆ. ಒಳಗೆ ಉಣ್ಣೆಯ ಜಾಕೆಟ್, ಮಂಡಿಗೆ ಹಚ್ಚುವ ಮುಲಾಮು, ಇಡಿಯಾದ ಒಂದು ಏಪ್ರಿಕಾಟ್ ಹಣ್ಣಿನ ಕೇಕು ಹಾಗೂ ಕಾಗದದ ತಟ್ಟೆಗಳು ದೊರೆತವು.

"ಕ್ಯಾಸ್ಪರ್, ತಟ್ಟೆ ಏಳಿದೆ. ನಾವು ಆರೇ ಜನ ಇದ್ದೀವಲ್ಲ" ಎಂದು ಶ್ರೀ ಟೋನಿ ವಿಚಾರಿಸಿದರು.

ಕೆಳಸಹಿದಾರರು ಇಳಿಜಾರಿನಲ್ಲಿ ಓಡಿದರು. ಓಡುವುದಕ್ಕೆ ವೇಳಾಪಟ್ಟಿಯಲ್ಲಿ ಅವಕಾಶವಿರಲಿಲ್ಲ. ಎರಡು ಬಾರಿ ಬೀಳುವುದಕ್ಕೂ ಇರಲಿಲ್ಲ. ಮಳೆಗೆ ಕಲ್ಲುಗಳು ಜಾರುತ್ತಿದ್ದವು. ಪ್ರತಿ ತಿರುವಿನಲ್ಲೂ ಅವರು ಮೊದಲು ದಾರಿಯನ್ನೂ ಆಮೇಲೆ ದಾರಿಯ ಕೆಳಗಿನ ಪ್ರಪಾತವನ್ನೂ ನೋಡುತ್ತಿದ್ದರೆಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಶ್ರೀಮತಿ ಅಗಾಥಾ ಅವರು ದಾರಿಬದಿಯ ಚೀಸ್ ಗುಡಿಸಲಿನ ಒಲೆಯ ಪಕ್ಕದಲ್ಲಿ, ಹಸುವಿಗೆ ಹೊದಿಸುವ ಕಂಬಳಿ ಹೊದ್ದು, ಒದ್ದೆ ತಲೆಯಲ್ಲಿ ಕುಳಿತಿದ್ದರು. ಶ್ರೀಮತಿ ವ್ರೇನಿ ಅವರು ಬಿಸಿ ಹಾಲು ಕೊಟ್ಟಿದ್ದರು. ಕೆಳಸಹಿದಾರರನ್ನು ಬಾಗಿಲಲ್ಲಿ ಕಂಡ ಕೂಡಲೇ ಅವರು ಸಲ್ಲಿಸಿದ ದೂರಿನಲ್ಲಿ ಪ್ರಕಟಿಸಬಹುದಾದ ಭಾಗ ಈ ಕೆಳಗಿನಂತಿದೆ:

"ಚೀಲ ಹೊತ್ಕೊಂಡು ಹೋಗಿ ಮನುಷ್ಯರನ್ನ ದಾರೀಲಿ ಬಿಟ್ಟು ಹೋಗೋ ಕಚೇರಿ ಇದೊಂದೇ ಇರ್ಬೇಕು. ನನ್ನ ಹತ್ರ ನಲವತ್ತು ಹಸು ಇವೆ. ಒಂದು ಹಿಂದೆ ಬಿದ್ರೂ ನನಗೆ ಗೊತ್ತಾಗುತ್ತೆ. ನಿಮಗೆ ಏಳು ಎಣಿಸೋಕೆ ಬರಲ್ವಾ?"

"ಬಿಡು ವ್ರೇನಿ, ಮುಂದೆ ಹೋಗಿ ಅಂತ ನಾನೇ ಹೇಳಿದ್ದೆ" ಎಂದು ಶ್ರೀಮತಿ ಅಗಾಥಾ ಅವರು ತಡೆದು, ಕೆಳಸಹಿದಾರರ ಕಡೆಗೆ ತಿರುಗಿ, "ಸರೋವರ ಹೇಗಿತ್ತು ಕ್ಯಾಸ್ಪರ್?" ಎಂದು ಕೇಳಿದರು.

ಕೆಳಸಹಿದಾರರು "ಚೆನ್ನಾಗಿತ್ತು" ಎಂದರು. ಸದರಿ ಉತ್ತರವು ಆಧಾರರಹಿತವಾದುದು. ಮೆಚ್ಚಿಕೊಳ್ಳಲು ಮೀಸಲಿಟ್ಟ ಮೂರು ನಿಮಿಷಗಳಲ್ಲಿ ಅವರು ಚೀಲ ಎಣಿಸುತ್ತಿದ್ದರು.

ಶ್ರೀಮತಿ ಅಗಾಥಾ ಅವರು ಅಂದು ಹಾಲಿನ ಕ್ಯಾನುಗಳ ಜೊತೆ ಜೀಪಿನಲ್ಲಿ ಊರಿಗೆ ಇಳಿದರು. ಅನಂತರ ಕಡತಗಳನ್ನು ಪರಿಶೀಲಿಸಲಾಗಿ, ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಸದರಿಯವರು ಒಮ್ಮೆಯೂ ಮುರ್ಮೆಲ್ ಸರೋವರವನ್ನು ನೋಡಿಲ್ಲದಿರುವುದು ಬೆಳಕಿಗೆ ಬಂದಿದೆ. ಹತ್ತೊಂಬತ್ತು ಚಾರಣಗಳ ದಿನ ಅವರನ್ನು ಕಚೇರಿ ನೋಡಿಕೊಳ್ಳಲು ಬಿಡಲಾಗಿತ್ತು; ಮಿಕ್ಕ ವರ್ಷಗಳಲ್ಲಿ ತಾಯಿಯ ಕಾಯಿಲೆ, ನಂತರ ಮಂಡಿ. ಆದರೆ ಸರೋವರದ ವಾಹನ ನಿಲ್ದಾಣ, ಸರೋವರದ ಶೌಚಾಲಯ, ಸರೋವರದಲ್ಲಿ ಬಿದ್ದ ಮೊಬೈಲು, ಸರೋವರ ಫೋಟೋದಲ್ಲಿ ಕಂಡಷ್ಟು ನೀಲಿಯಾಗಿಲ್ಲವೆಂಬ ಪ್ರವಾಸಿಗರ ಆಕ್ಷೇಪಣೆ, ಇವೆಲ್ಲವುಗಳ ಮೇಲೆ ಸ್ವೀಕೃತಿ ಮುದ್ರೆ ಒತ್ತಿದವರು ಅವರೇ. ಅವರು ಇದೇ ಸೆಪ್ಟೆಂಬರ್ 30ರಂದು ನಿವೃತ್ತರಾಗಲಿದ್ದಾರೆ.

ಉಲ್ಲೇಖ (2)ರ ಪತ್ರದಲ್ಲಿ ಅವರು, "ಈ ಸಲ ಮಂಡಿ ಬೇಡ ಅನ್ನುತ್ತಿದೆ. ನನ್ನಿಂದ ಎಲ್ಲರಿಗೂ ತಡವಾಗುತ್ತದೆ. ನೀವು ಹೋಗಿ ಬನ್ನಿ, ಕಚೇರಿ ನಾನು ನೋಡಿಕೊಳ್ಳುತ್ತೇನೆ" ಎಂದು ಬರೆದಿರುತ್ತಾರೆ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

ಸೂಚನೆಗಳು

1. ಚಾರಣವು ಆಗಸ್ಟ್ 21, ಗುರುವಾರ ನಡೆಯತಕ್ಕದ್ದು. ಮಳೆಯಾದಲ್ಲಿ ಶುಕ್ರವಾರ. ಅಂದೂ ಮಳೆಯಾದಲ್ಲಿ, ಮಳೆ ನಿಲ್ಲುವವರೆಗೆ ಪ್ರತಿದಿನವೂ ಗುರುವಾರವೆಂದು ಭಾವಿಸತಕ್ಕದ್ದು.

2. ಎಲ್ಲರೂ ಬೆಳಿಗ್ಗೆ 7.12ರ ಬಸ್ಸಿಗೆ ಹಾಜರಿರತಕ್ಕದ್ದು. ನಡಿಗೆಗೆ ಮೂರೂವರೆ ಗಂಟೆ ನಿಗದಿಪಡಿಸಲಾಗಿದೆ. ದಾರಿಯ ಹಳದಿ ಫಲಕಗಳಲ್ಲಿ ಬರೆದಿರುವ 'ಸರೋವರಕ್ಕೆ 2 ಗಂಟೆ 40 ನಿಮಿಷ' ಎಂಬ ಮಾಹಿತಿಯು ಈ ಕಚೇರಿಯ ನೌಕರರಿಗೆ ಅನ್ವಯಿಸುವುದಿಲ್ಲ. ಅದನ್ನು ಗಟ್ಟಿಯಾಗಿ ಓದಿದವರು ಮುಂದಿನ ಫಲಕದವರೆಗೆ ಎಲ್ಲರ ನೀರಿನ ಬಾಟಲಿಗಳನ್ನು ಹೊರತಕ್ಕದ್ದು.

3. ನೌಕರರು ಸೇವಾ ಹಿರಿತನದ ಕ್ರಮದಲ್ಲಿ ಸಾಲಾಗಿ ನಡೆಯತಕ್ಕದ್ದು. ಅತಿ ಹಿರಿಯರು ಮುಂದೆ. ಮುಂದಿರುವವರನ್ನು ಹಿಂದಿಕ್ಕಲು ಇಚ್ಛಿಸುವವರು ಮೂರು ದಿನ ಮುಂಚಿತವಾಗಿ ತ್ರಿಪ್ರತಿಯಲ್ಲಿ ಅರ್ಜಿ ಸಲ್ಲಿಸಬೇಕು. ಉದ್ದವಾದ ಕಾಲುಗಳಿರುವುದನ್ನು ಸಕಾರಣವೆಂದು ಪರಿಗಣಿಸಲಾಗುವುದಿಲ್ಲ. ಈ ಬಗ್ಗೆ ಶ್ರೀ ಟೋನಿ ಅವರ ಅರ್ಜಿ ಈಗಾಗಲೇ ಬಂದಿದ್ದು, ತಿರಸ್ಕೃತವಾಗಿದೆ.

4. 'ನೀವು ಮುಂದೆ ನಡೀರಿ, ನಾನು ಬರ್ತೀನಿ' ಎಂಬ ಹೇಳಿಕೆಗೆ ಇನ್ನು ಮುಂದೆ ಯಾವುದೇ ಆಡಳಿತಾತ್ಮಕ ಮಾನ್ಯತೆ ಇರುವುದಿಲ್ಲ. ಅದನ್ನು ಕೇಳಿಸಿಕೊಂಡ ಪ್ರತಿಯೊಬ್ಬರೂ ನಿಂತಲ್ಲೇ ಕುಳಿತುಕೊಳ್ಳತಕ್ಕದ್ದು. ಇದರ ಪೂರ್ವಾಭ್ಯಾಸ ಜಾರಿಯಲ್ಲಿದ್ದು, ಕಳೆದ ಮಂಗಳವಾರ ಶ್ರೀಮತಿ ಅಗಾಥಾ ಅವರು ಕಚೇರಿಯ ಮೆಟ್ಟಿಲಲ್ಲಿ ಅಭ್ಯಾಸಬಲದಿಂದ ಹಾಗೆಂದಾಗ ನಾಲ್ವರು ಅಲ್ಲಿಯೇ ಕುಳಿತ ಪರಿಣಾಮ, ನಾಯಿಯ ಪರವಾನಗಿಗೆ ಬಂದ ನಾಗರಿಕರೊಬ್ಬರು ನಾಯಿ ಸಮೇತ ಹದಿನೈದು ನಿಮಿಷ ಕಾಯಬೇಕಾಯಿತು. ಇದಕ್ಕೆ ವಿಷಾದಿಸಲಾಗಿದೆ. ಅಭ್ಯಾಸ ಮುಂದುವರಿಯುವುದು.

5. ವಿಶ್ರಾಂತಿಗೆ ನಿಲ್ಲುವಾಗ ಪ್ರತಿ ಬಾರಿಯೂ ಒಂದು ಕಾರಣ ಕೊಡತಕ್ಕದ್ದು. ಆ ಕಾರಣವು ಯಾರದೇ ಮಂಡಿ ಆಗಿರಕೂಡದು. ಶೂ ದಾರ ಬಿಚ್ಚಿಕೊಳ್ಳಲು ಇಬ್ಬರನ್ನು ನಿಯೋಜಿಸಲಾಗಿದೆ. ಹೂವು ಕಂಡಲ್ಲಿ ಅದರ ಹೆಸರಿನ ಬಗ್ಗೆ ಚರ್ಚೆ ನಡೆಸಿ ಒಮ್ಮತಕ್ಕೆ ಬರಬೇಕು. ಚರ್ಚೆ ಬೇಗ ಮುಗಿದುಹೋಗುವ ಅಪಾಯವಿರುವುದರಿಂದ ಹೂವಿನ ಪುಸ್ತಕ ಹಾಗೂ ಮೊಬೈಲ್ ಬಳಕೆಯನ್ನು ನಿಷೇಧಿಸಲಾಗಿದೆ. ಹೂವಿನ ಹೆಸರು ನಿಜವಾಗಿ ಬಲ್ಲವರು ಅದನ್ನು ಬಹಿರಂಗಪಡಿಸಕೂಡದು.

6. ಬೆನ್ನುಚೀಲವನ್ನು ನೌಕರನೆಂದು ಎಣಿಸುವಂತಿಲ್ಲ. ಎಣಿಕೆಯನ್ನು ತಲೆ ಮುಟ್ಟಿ ಮಾಡತಕ್ಕದ್ದು. ಟೋಪಿ ಧರಿಸಿದವರು ಟೋಪಿ ತೆಗೆಯತಕ್ಕದ್ದು. ಸಂಖ್ಯೆ ಏಳಕ್ಕಿಂತ ಕಡಿಮೆ ಬಂದಲ್ಲಿ ಹಿಂತಿರುಗುವುದು. ಹೆಚ್ಚು ಬಂದಲ್ಲಿ ಹೆಚ್ಚುವರಿ ಪ್ರವಾಸಿಗರನ್ನು ಸೌಜನ್ಯದಿಂದ ಬಿಡುಗಡೆಗೊಳಿಸುವುದು.

7. ಜಾಕೆಟ್ ಅದರ ಒಡೆಯರಿಂದ ಒಂದು ತೋಳಿನಷ್ಟು ದೂರಕ್ಕಿಂತ ಹೆಚ್ಚು ದೂರ ಹೋಗಕೂಡದು.

8. ಕೊನೆಯ ದಿಬ್ಬದ ಆಚೆಗೆ ಸರೋವರ ಕಾಣತೊಡಗುವುದರಿಂದ, ಈ ಹಿಂದೆ ಅದನ್ನು ನೋಡಿರುವ ನೌಕರರು ಅಲ್ಲಿಂದ ಮುಂದೆ ತಮ್ಮ ಪಾದಗಳನ್ನು ಮಾತ್ರ ನೋಡುತ್ತ ನಡೆಯತಕ್ಕದ್ದು. 'ಅಗೋ ನೋಡಿ', 'ಬಂದೇಬಿಡ್ತು', 'ಇಷ್ಟೇನಾ' ಮುಂತಾದ ಉದ್ಗಾರಗಳನ್ನು ನಿರ್ಬಂಧಿಸಲಾಗಿದೆ. ಸರೋವರವನ್ನು ಮೊದಲು ನೋಡುವ ಹಕ್ಕು ಸಾಲಿನ ಮುಂದಿರುವವರದು.

9. ಸರೋವರದ ಸೌಂದರ್ಯವನ್ನು ಮೆಚ್ಚಿಕೊಳ್ಳಲು ಕಾಲಮಿತಿ ಇರುವುದಿಲ್ಲ. ಇದರಿಂದಾಗಿ ಕೊನೆಯ ಬಸ್ಸು ತಪ್ಪಿದಲ್ಲಿ ಶ್ರೀಮತಿ ವ್ರೇನಿ ಅವರು ತಮ್ಮ ಜೀಪು ಕೊಡಲು ಒಪ್ಪಿದ್ದಾರೆ. ಜೀಪಿನಲ್ಲಿ ಮೂವರಿಗೆ ಮಾತ್ರ ಜಾಗವಿದ್ದು, ಅದರಲ್ಲಿ ಒಂದು ಜಾಗವನ್ನು ಕರುವಿಗೆ ಕಾಯ್ದಿರಿಸಲಾಗಿದೆ. ಕೆಳಸಹಿದಾರರು ನಡೆದು ಬರುವರು. ಇದು ಶ್ರೀಮತಿ ವ್ರೇನಿ ಅವರ ಷರತ್ತು.

10. ಉಲ್ಲೇಖ (2)ರ ವಿನಾಯಿತಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಕಚೇರಿಯನ್ನು ಮೂವತ್ತೊಂದು ವರ್ಷಗಳಿಂದ ನೋಡಿಕೊಳ್ಳಲಾಗಿದ್ದು, ಒಂದು ದಿನ ಯಾರೂ ನೋಡದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲವೆಂದು ಸ್ಥಳ ತನಿಖೆಯಿಂದ ದೃಢಪಟ್ಟಿದೆ. ತಡವಾಗುತ್ತದೆಂಬ ಅವರ ಆತಂಕದ ಬಗ್ಗೆ ಉಳಿದ ಆರೂ ನೌಕರರನ್ನು ಪ್ರತ್ಯೇಕವಾಗಿ ವಿಚಾರಿಸಲಾಗಿ, ಅಂದು ಯಾರಿಗೂ ಬೇರೆಲ್ಲೂ ಕೆಲಸವಿಲ್ಲವೆಂದು ಲಿಖಿತವಾಗಿ ತಿಳಿಸಿರುತ್ತಾರೆ.

(ಸಹಿ)
ಕ್ಯಾಸ್ಪರ್ ಗಿಸ್ಲರ್
ದಾಖಲೆ ಶಾಖೆ ಹಾಗೂ ಚಾರಣ ಯೋಜನೆ

ಪ್ರತಿಗಳು:

1. ಕಚೇರಿಯ ಮುಖ್ಯಸ್ಥರಿಗೆ, ಮಾಹಿತಿಗಾಗಿ. ಶೂ ದಾರ ಬಿಚ್ಚಿಕೊಳ್ಳಲು ನಿಯೋಜಿತರಾದ ಇಬ್ಬರಲ್ಲಿ ತಾವೂ ಒಬ್ಬರೆಂಬುದನ್ನು ಗಮನಕ್ಕೆ ತರಲಾಗಿದೆ.

2. ಶ್ರೀ ಟೋನಿ ಬಿಸ್ಸಿಗ್ ಅವರಿಗೆ, ಕಲಂ 3ನ್ನು ಎರಡು ಬಾರಿ ಓದಿಕೊಳ್ಳುವ ಸೂಚನೆಯೊಂದಿಗೆ. ಸಾಸಿವೆಯನ್ನು ಮನೆಯಿಂದಲೇ ತರತಕ್ಕದ್ದು.

3. ಶ್ರೀಮತಿ ವ್ರೇನಿ ಹೆರ್ಗರ್ ಅವರಿಗೆ. ಚಾರಣದ ದಿನ ಬೆಳಿಗ್ಗೆ ತಂಡವು ತಮ್ಮ ಗುಡಿಸಲನ್ನು ಹಾದುಹೋಗುವಾಗ ದಯವಿಟ್ಟು ಎಣಿಸಿಕೊಳ್ಳುವುದು.

4. ಕಚೇರಿಯ ಮುಂಬಾಗಿಲಿಗೆ, ಹೊರಮಗ್ಗುಲಿಗೆ ಅಂಟಿಸಲು.

5. ಶ್ರೀಮತಿ ಅಗಾಥಾ ಫುರ್ರರ್ ಅವರಿಗೆ, ಖುದ್ದಾಗಿ. ಸದರಿ ಪ್ರತಿಯು ಸ್ವೀಕೃತಿ ಮುದ್ರೆಯೊಂದಿಗೆ ಅದೇ ದಿನ ಹಿಂತಿರುಗಿದ್ದು, ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದೆ: "ಓದಿದೆ. ಮೂರೂವರೆ ಗಂಟೆ ಸಾಲಲ್ಲ ಕ್ಯಾಸ್ಪರ್. ನನಗೆ ಐದು ಬೇಕು." ಆದ್ದರಿಂದ ಕಲಂ 2ರಲ್ಲಿ 'ಮೂರೂವರೆ' ಎಂದಿರುವಲ್ಲಿ 'ಐದು' ಎಂದೂ, '7.12' ಎಂದಿರುವಲ್ಲಿ '5.48' ಎಂದೂ ತಿದ್ದಿ ಓದಿಕೊಳ್ಳತಕ್ಕದ್ದು.